ಕಲಿತ ಹುಡುಗರಿಗೆ ಮೊದಲ ಸಂಬಳ ಕೊಡೋರು ಯಾರು? ಊರಲ್ಲಿದ್ದೇ ಕಲಾವಿದರಾಗೋದರ ಲೆಕ್ಕಾಚಾರ ಇಲ್ಲಿದೆ

ಸಾಗರ: ಹೈಸ್ಕೂಲಿನ ಪೋಷಕರ ಸಭೆಯಲ್ಲಿ ಮೇಷ್ಟ್ರು ಹೇಳುವ ಒಂದು ಮಾತು ಎಲ್ಲರಿಗೂ ಗೊತ್ತು. ‘ಹುಡುಗ ಚಿತ್ರ ಚೆನ್ನಾಗಿ ಬಿಡಿಸ್ತಾನೆ, ಆದ್ರೆ ಲೆಕ್ಕದಲ್ಲಿ ಹಿಂದೆ.’ ಮೊದಲರ್ಧ ಸಮಾಧಾನಕ್ಕೆ ಹೇಳಿದ್ದು. ಎರಡನೇ ಅರ್ಧವೇ ವಿಷಯ. ಮನೆಗೆ ಬಂದ ಮೇಲೆ ಟ್ಯೂಷನ್ ಹಾಕಿಸೋದು ಲೆಕ್ಕಕ್ಕೇ, ಚಿತ್ರಕ್ಕೆ ಯಾರೂ ಹಾಕಿಸಲ್ಲ. ಗಣೇಶೋತ್ಸವದ ಸ್ಟೇಜ್ ಮೇಲೆ ಕುಣಿದು ಚಪ್ಪಾಳೆ ಹೊಡೆಸಿಕೊಂಡ ಹುಡುಗಿಯ ಕಥೆಯೂ ಇಷ್ಟೇ. ಪಿಯುಸಿ ಮುಗಿಯುವ ಹೊತ್ತಿಗೆ ಗೆಜ್ಜೆ ಅಟ್ಟ ಸೇರಿರುತ್ತೆ.

ಅಪ್ಪ ಅಮ್ಮನದ್ದು ತಪ್ಪು ಅನ್ನುವ ಹಾಗಿಲ್ಲ. ಅವರು ಕೇಳೋದು ಒಂದೇ ಪ್ರಶ್ನೆ. ‘ಇದರಿಂದ ಹೊಟ್ಟೆ ತುಂಬುತ್ತಾ?’ ನ್ಯಾಯವಾದ ಪ್ರಶ್ನೆಯೇ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕಿದ ಜಾಗ ದೂರದ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇಲ್ಲ. ಸಾಗರದಿಂದ ಬಸ್ಸು ಹತ್ತಿದರೆ ಅರ್ಧ ಗಂಟೆಯೊಳಗೆ ಸಿಗುವ ಹೆಗ್ಗೋಡಿನಲ್ಲಿದೆ. ಅಲ್ಲಿ ಏನು ಮಾಡಿದರು, ಅದು ಯಾಕೆ ನಿಂತಿತು, ಬೇರೆ ಕಡೆ ಏನಾಗಿದೆ, ಪೇಟೆಯ ಅಂಗಡಿಯವರಿಗೂ ಇದಕ್ಕೂ ಏನು ಸಂಬಂಧ? ಒಂದೊಂದಾಗಿ ನೋಡೋಣ.

ತೊಂದರೆ ಇರೋದು ಎಲ್ಲಿ?

ಕಲಿಸುವವರು ಇಲ್ಲ ಅನ್ನೋದು ಸಾಮಾನ್ಯ ದೂರು. ಹುಡುಕಿದರೆ ಸಿಗ್ತಾರೆ. ಭರತನಾಟ್ಯದ ಕ್ಲಾಸು, ಸಂಗೀತ ಕ್ಲಾಸು, ಯಕ್ಷಗಾನದ ಹೆಜ್ಜೆ ಹೇಳಿಕೊಡುವವರು, ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಹೀಗೆ ಪ್ರತಿ ತಾಲ್ಲೂಕಿನಲ್ಲೂ ನಾಲ್ಕಾರು ಜನ ಇದ್ದೇ ಇರುತ್ತಾರೆ.

ಸಿಕ್ಕಿಹಾಕಿಕೊಳ್ಳೋದು ಅದರ ಮುಂದಿನ ಹಂತದಲ್ಲಿ. ಕಲಿತು ಮುಗಿಯಿತು, ವಯಸ್ಸು ಇಪ್ಪತ್ತು ಇಪ್ಪತ್ತೊಂದು. ಕೈಯಲ್ಲಿ ವಿದ್ಯೆ ಇದೆ, ಆದರೆ ದುಡ್ಡು ಕೊಟ್ಟು ಕೆಲಸ ಹೇಳುವಷ್ಟು ಹೆಸರಿಲ್ಲ. ಹೆಸರು ಬರಬೇಕಾದರೆ ಕೆಲಸ ಮಾಡಿರಬೇಕು. ಕೆಲಸ ಸಿಗಬೇಕಾದರೆ ಹೆಸರಿರಬೇಕು. ಈ ಎರಡರ ಮಧ್ಯೆ ಮೂರ್ನಾಲ್ಕು ವರ್ಷ ಕಳೆಯಬೇಕಾಗುತ್ತೆ. ಹೆಚ್ಚಿನವರು ಕೈಬಿಡೋದು ಇಲ್ಲೇ. ಯಾವುದೋ ಫೈನಾನ್ಸ್ ಕಂಪನಿಯ ಕಲೆಕ್ಷನ್ನಿಗೋ, ಮೊಬೈಲ್ ಅಂಗಡಿಗೋ ಸೇರಿಬಿಡ್ತಾರೆ. ಆ ಕೆಲಸಗಳೇನೂ ಕಡಿಮೆಯಲ್ಲ. ಆದರೆ ಹತ್ತು ವರ್ಷ ಕಲಿತ ವಿದ್ಯೆ ಅಲ್ಲಿಗೆ ನಿಲ್ಲುತ್ತೆ.

ಹಾಗಾಗಿ ಕೈ ಹಿಡಿದು ನಡೆಸುವವರು ಅಂದರೆ ಬರೀ ಪಾಠ ಹೇಳುವವರು ಅಂತ ತಿಳಿದರೆ ಸಾಲದು. ಆ ಮೂರ್ನಾಲ್ಕು ವರ್ಷ ಪಕ್ಕದಲ್ಲಿ ನಿಂತು, ತಪ್ಪು ತಿದ್ದಿ, ಸಣ್ಣದೋ ದೊಡ್ಡದೋ ಒಂದು ಸಂಪಾದನೆಯ ದಾರಿ ತೋರಿಸುವವರು ಬೇಕು. ಗಟ್ಟಿಯಾಗಿ ನಿಂತ ಸಂಸ್ಥೆಗಳನ್ನೆಲ್ಲ ನೋಡಿದರೆ ಅವು ಈ ಕೆಲಸ ಮಾಡಿದವೇ.

ಹೆಗ್ಗೋಡಿನಲ್ಲಿ ಮೊದಲು ಬಂದದ್ದು ಪ್ರೇಕ್ಷಕರು

ನೀನಾಸಂ ಅಂದರೆ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಊರಿನವರು ಸೇರಿ ಇದನ್ನು ಕಟ್ಟಿದ್ದು 1949ರಲ್ಲಿ. ಊರಿನ ದೇವರ ಹೆಸರು, ಅಡಿಕೆ ತೋಟದ ಜನ, ಹವ್ಯಾಸಕ್ಕೆ ನಾಟಕ. ಆಗ ಇಂಥ ಸಂಘಗಳು ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿದ್ದವು. ಇದು ಉಳಿದು ಬೆಳೆದದ್ದಕ್ಕೆ ಮುಖ್ಯ ಕಾರಣ ಕೆ.ವಿ. ಸುಬ್ಬಣ್ಣ. ಮೈಸೂರಿನಲ್ಲಿ ಓದಿ, ವಾಪಸ್ ಊರಿಗೆ ಬಂದು, ತೋಟ ನೋಡಿಕೊಳ್ಳುತ್ತಲೇ ಸಂಘ ಕಟ್ಟಿದವರು. ‘ಅಕ್ಷರ ಪ್ರಕಾಶನ’ ಶುರು ಮಾಡಿ ಹಳ್ಳಿಯಿಂದಲೇ ಪುಸ್ತಕ ಪ್ರಕಟಿಸಿದರು. ಫಿಲ್ಮ್ ಸೊಸೈಟಿ ಮಾಡಿ ಜಗತ್ತಿನ ಒಳ್ಳೊಳ್ಳೆ ಸಿನಿಮಾಗಳನ್ನು ಊರವರಿಗೆ ತೋರಿಸಿದರು. 1991ರಲ್ಲಿ ಅವರಿಗೆ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ತೀರಿಕೊಂಡರು.

ಇಲ್ಲಿ ಗಮನಿಸಬೇಕಾದ್ದು ವರ್ಷಗಳ ಲೆಕ್ಕ. ಸಂಘ ಹುಟ್ಟಿದ್ದು 1949. ನಾಟಕ ಕಲಿಸುವ ಶಾಲೆ, ಅಂದರೆ ನೀನಾಸಂ ರಂಗಶಿಕ್ಷಣ ಕೇಂದ್ರ ಶುರುವಾಗಿದ್ದು 1980. ನಡುವೆ 31 ವರ್ಷ. ಅಷ್ಟು ವರ್ಷ ಅಲ್ಲಿ ನಡೆದದ್ದು ನಾಟಕ ಆಡೋದು, ನೋಡೋದು, ಸಿನಿಮಾ ತೋರಿಸೋದು, ಅದರ ಬಗ್ಗೆ ಕೂತು ಮಾತಾಡೋದು. ಅಂದರೆ ಕಲಾವಿದರನ್ನು ತಯಾರು ಮಾಡುವ ಮುಂಚೆ ನೋಡುವ ಜನ ತಯಾರಾಗಿದ್ದರು. ವ್ಯಾಪಾರದವರಿಗೆ ಇದು ಬೇಗ ಅರ್ಥವಾಗುತ್ತೆ. ಗಿರಾಕಿ ಇಲ್ಲದ ಬೀದಿಯಲ್ಲಿ ಎಷ್ಟು ಒಳ್ಳೆ ಅಂಗಡಿ ಹಾಕಿದರೂ ಬಾಡಿಗೆ ಹುಟ್ಟಲ್ಲ.

ಶಾಲೆ ಶುರುವಾದ ಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ ಬಂದಿದ್ದ ಚಿದಂಬರರಾವ್ ಜಂಬೆ ಅದರ ಪ್ರಾಂಶುಪಾಲರಾಗಿ ಬಹಳ ಕಾಲ ಕೆಲಸ ಮಾಡಿದರು. ಪಾಠವೆಲ್ಲ ಕನ್ನಡದಲ್ಲೇ. ಒಂದು ವರ್ಷದ ಕೋರ್ಸು, ಅಲ್ಲೇ ಉಳಿದು ಕಲಿಯಬೇಕು. ಒಂದು ತಂಡದಲ್ಲಿ ಇರೋದು ಇಪ್ಪತ್ತರ ಆಸುಪಾಸು ಜನ ಮಾತ್ರ. ನಟನೆಯ ಜೊತೆಗೆ ಸೆಟ್ಟು ಕಟ್ಟೋದು, ಲೈಟಿಂಗು, ಬಟ್ಟೆ, ಮೇಕಪ್ಪು ಎಲ್ಲವನ್ನೂ ಕೈಯಾರೆ ಮಾಡಿ ಕಲೀಬೇಕು. ಹೀರೋ ಪಾರ್ಟು ಮಾಡಿದವನೇ ಮಾರನೇ ದಿನ ಸುತ್ತಿಗೆ ಹಿಡಿದು ಮೊಳೆ ಹೊಡೆಯಬೇಕು.

ಇದರಿಂದ ಏನು ಲಾಭ? ನಟನೆಯ ಅವಕಾಶ ಸಿಗದ ದಿನ ಲೈಟಿಂಗ್ ಕೆಲಸ ಸಿಗುತ್ತೆ. ಅದೂ ಇಲ್ಲದ ದಿನ ಶಾಲೆ ಮಕ್ಕಳಿಗೆ ನಾಟಕ ಕಲಿಸುವ ಕೆಲಸ ಸಿಗುತ್ತೆ. ಒಂದೇ ವಿದ್ಯೆ ಗೊತ್ತಿದ್ದವನಿಗಿಂತ ನಾಲ್ಕು ಗೊತ್ತಿದ್ದವನು ಹಳ್ಳಿಯಲ್ಲಿ ಬದುಕೋದು ಸುಲಭ.

‘ತಿರುಗಾಟ’ ಅಂದರೆ ಏನು?

ಶಾಲೆ ಮುಗಿಸಿದವರು ಮುಂದೇನು ಮಾಡಬೇಕು? ಆ ಪ್ರಶ್ನೆಗೆ ನೀನಾಸಂ ಕೊಟ್ಟ ಉತ್ತರ ‘ತಿರುಗಾಟ’. ಶುರುವಾಗಿದ್ದು 1985ರಲ್ಲಿ, ಅಂದರೆ ಶಾಲೆ ತೆರೆದು ಐದು ವರ್ಷಕ್ಕೆ. ಹೆಸರು ಯಕ್ಷಗಾನ ಮೇಳದವರ ಮಾತಿನಿಂದ ಬಂದದ್ದು. ಮೇಳ ಊರೂರು ಸುತ್ತುವುದಕ್ಕೆ ತಿರುಗಾಟ ಅಂತಲೇ ಹೇಳೋದು.

ಕೆಲಸ ನಡೆಯೋದು ಹೀಗೆ. ಮಳೆಗಾಲದಲ್ಲಿ ಹೆಗ್ಗೋಡಿನಲ್ಲಿ ಕೂತು ನಾಟಕಗಳನ್ನು ಸಿದ್ಧ ಮಾಡ್ತಾರೆ. ಮಲೆನಾಡಿನ ಮಳೆಯಲ್ಲಿ ಹೊರಗೆ ಎಲ್ಲೂ ಆಟ ಆಡೋಕೆ ಆಗಲ್ಲ, ರಿಹರ್ಸಲ್ಲಿಗೆ ಅದೇ ಸರಿಯಾದ ಕಾಲ. ಮಳೆ ಬಿಟ್ಟ ಮೇಲೆ ನಟರು, ತಂತ್ರಜ್ಞರು, ಸೆಟ್ಟು, ಲೈಟು ಎಲ್ಲ ಗಾಡಿ ಹತ್ತುತ್ತೆ. ಮುಂದಿನ ಕೆಲವು ತಿಂಗಳು ರಾಜ್ಯದ ಊರೂರಲ್ಲಿ ಪ್ರದರ್ಶನ. ಒಂದು ವರ್ಷಕ್ಕೆ ನೂರಕ್ಕೂ ಹೆಚ್ಚು ಆಟ ಆಗಿರೋ ಉದಾಹರಣೆ ಇದೆ. ಆಯಾ ಊರಿನ ಸಂಘ, ಕಾಲೇಜು, ಕ್ಲಬ್ಬಿನವರು ಕರೆಸಿಕೊಳ್ತಾರೆ. ಆಟಕ್ಕೆ ಇಷ್ಟು ಅಂತ ದುಡ್ಡು, ತಂಡಕ್ಕೆ ಊಟ, ಮಲಗೋಕೆ ಜಾಗ. ಅವರು ಟಿಕೆಟ್ ಮಾರಿಯೋ, ಊರಿನ ಅಂಗಡಿಗಳಲ್ಲಿ ಚಂದಾ ಎತ್ತಿಯೋ ಅದನ್ನು ಹೊಂದಿಸ್ತಾರೆ.

ಹುಡುಗನ ಕಡೆಯಿಂದ ಯೋಚನೆ ಮಾಡಿ. ನಿನ್ನೆ ಮೊನ್ನೆ ಕೋರ್ಸು ಮುಗಿಸಿದವನಿಗೆ ಒಂದು ಸೀಸನ್ ಪೂರ್ತಿ ಕೆಲಸ, ತಿಂಗಳ ಸಂಬಳ, ಊಟ. ಜೊತೆಗೆ ಹೊಸ ಹೊಸ ಊರಿನ ನೂರಾರು ಪ್ರೇಕ್ಷಕರು. ಒಂದೇ ಪಾತ್ರವನ್ನು ಮೂವತ್ತು ನಲವತ್ತು ಸಲ ಮಾಡಿದ ಮೇಲೆ ಎಲ್ಲಿ ಜನ ನಕ್ಕರು, ಎಲ್ಲಿ ಆಕಳಿಸಿದರು ಅನ್ನೋದು ಮೈಗೆ ಹತ್ತಿರುತ್ತೆ. ಯಾವ ಕ್ಲಾಸಿನಲ್ಲೂ ಇದನ್ನು ಹೇಳಿಕೊಡೋಕೆ ಆಗಲ್ಲ.

ಹೀಗೆ ಕಲಿತು ಹೋದವರಲ್ಲಿ ಎಲ್ಲರಿಗೂ ಗೊತ್ತಿರುವ ಮುಖಗಳಿವೆ. ಸಿನಿಮಾದಲ್ಲಿ ಅಚ್ಯುತ್ ಕುಮಾರ್ ಇದ್ದಾರೆ. ಶಾಲೆಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡ ಸತೀಶ್ ನೀನಾಸಂ ಇದ್ದಾರೆ. ಮಂಡ್ಯ ರಮೇಶ್ ಮೈಸೂರಿನಲ್ಲಿ ‘ನಟನ’ ಕಟ್ಟಿ ಈಗ ತಾವೇ ಬೇರೆಯವರಿಗೆ ಕಲಿಸ್ತಿದ್ದಾರೆ. ಆದರೆ ಹೆಸರಾದವರು ಕೆಲವೇ ಜನ. ಟಿವಿಯಲ್ಲಿ ಕಾಣಿಸದೆ, ಸ್ವಂತ ಜಿಲ್ಲೆಗೆ ಹೋಗಿ ಶಾಲೆಗಳಲ್ಲಿ ನಾಟಕ ಮಾಡಿಸುವವರು, ಸಣ್ಣ ತಂಡ ಕಟ್ಟಿಕೊಂಡವರು, ಬೆಳಕಿನ ಕೆಲಸ ಮಾಡುವವರು ಬಹಳ ಜನ. ಮಗ ನಾಟಕಕ್ಕೆ ಸೇರ್ತೀನಿ ಅಂದಾಗ ಅಪ್ಪ ಅಮ್ಮ ನೋಡಬೇಕಾದ್ದು ಸ್ಟಾರ್ ಆದವರನ್ನಲ್ಲ, ಇವರನ್ನು. ಇವರ ಬದುಕು ನಡೆಯೋದು ಹೇಗೆ ಅಂತ ವಿಚಾರಿಸಿದರೆ ಸರಿಯಾದ ಅಂದಾಜು ಸಿಗುತ್ತೆ.

ಯಕ್ಷಗಾನದಲ್ಲಿ ಇದ್ದ ಏಣಿ

ಗೇರುಸೊಪ್ಪೆ ಘಾಟಿ ಇಳಿದರೆ ಹೊನ್ನಾವರ. ಆ ತಾಲ್ಲೂಕಿನ ಕೆರೆಮನೆಯಲ್ಲಿ ಶಿವರಾಮ ಹೆಗಡೆಯವರು ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದ್ದು 1934ರಲ್ಲಿ. ಅವರ ಮಗ ಶಂಭು ಹೆಗಡೆಯವರು ಮುಂದೆ ಗುಣವಂತೆಯಲ್ಲಿ ‘ಶ್ರೀಮಯ’ ಅಂತ ಯಕ್ಷಗಾನ ಕಲಿಸುವ ಕೇಂದ್ರ ತೆರೆದರು. ಉಡುಪಿಯಲ್ಲೂ ಯಕ್ಷಗಾನ ಕೇಂದ್ರ ಇದೆ. ಇವೆಲ್ಲ ಈಚಿನವು. ಅದಕ್ಕೂ ಮುಂಚೆ ಕಲಿಕೆಯ ವ್ಯವಸ್ಥೆ ಆಟದ ಒಳಗೇ ಇತ್ತು.

ರಾತ್ರಿಯಿಡೀ ನಡೆಯುವ ಆಟದಲ್ಲಿ ಶುರುವಿಗೆ ಪೂರ್ವರಂಗ. ಕೋಡಂಗಿ, ಬಾಲಗೋಪಾಲ, ಆಮೇಲೆ ಸ್ತ್ರೀವೇಷ. ಈ ವೇಷಗಳನ್ನು ಹಾಕ್ತಿದ್ದದ್ದು ಹೊಸದಾಗಿ ಮೇಳ ಸೇರಿದ ಹುಡುಗರು. ಜನ ಇನ್ನೂ ಊಟ ಮುಗಿಸಿ ಬರ್ತಾ ಇರೋ ಹೊತ್ತು. ಹೆಜ್ಜೆ ತಪ್ಪಿದರೂ ಯಾರೂ ಬೈಯಲ್ಲ. ಕಾಲು ಪಳಗಿದ ಮೇಲೆ ಸಣ್ಣ ಪಾತ್ರ, ಆಮೇಲೆ ಮಾತಿರುವ ಪಾತ್ರ, ವರ್ಷಗಳು ಕಳೆದ ಮೇಲೆ ಮುಖ್ಯ ವೇಷ. ತನ್ನ ಸರದಿ ಮುಗಿದ ಮೇಲೆ ಹುಡುಗ ಚೌಕಿಯಲ್ಲಿ ಕೂತು ಹಿರಿಯರು ಬಣ್ಣ ಹಚ್ಚಿಕೊಳ್ಳೋದು ನೋಡ್ತಿದ್ದ, ರಂಗದ ಪಕ್ಕ ನಿಂತು ಅವರ ಅರ್ಥಗಾರಿಕೆ ಕೇಳ್ತಿದ್ದ. ಸಂಬಳ ಸಣ್ಣದಾದರೂ ಮೊದಲ ವರ್ಷದಿಂದಲೇ ಇತ್ತು. ಕಲಿಯೋದು, ದುಡಿಯೋದು ಎರಡೂ ಒಂದೇ ರಾತ್ರಿಯಲ್ಲಿ.

ಈಗ ಹೆಚ್ಚಾಗಿರುವುದು ಕಾಲಮಿತಿ ಆಟ. ಸಂಜೆ ಶುರುವಾಗಿ ಮಧ್ಯರಾತ್ರಿಯೊಳಗೆ ಮಂಗಳ. ಜನರಿಗೆ ಬೆಳಿಗ್ಗೆ ಡ್ಯೂಟಿಗೆ ಹೋಗಬೇಕು, ಹಾಗಾಗಿ ಇದು ಬೇಕಾದ್ದೇ. ಆದರೆ ಹೊತ್ತು ಉಳಿಸೋಕೆ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಹೊಸಬರು ತಪ್ಪು ಮಾಡಿ ಕಲಿಯುತ್ತಿದ್ದ ಜಾಗವೇ ಅದು. ಏಣಿ ಇದೆ, ಕೆಳಗಿನ ಮೆಟ್ಟಿಲುಗಳು ಮಾತ್ರ ಮೋಟಾಗಿವೆ. ಊರಲ್ಲಿ ಆಟ ಆಡಿಸುವವರು ಅರ್ಧ ಮುಕ್ಕಾಲು ಗಂಟೆ ಮುಂಚೆ ಶುರು ಮಾಡಿಸಿ, ಪೂರ್ವರಂಗ ಊರಿನ ಕಲಿಯುವ ಮಕ್ಕಳಿಂದ ಮಾಡಿಸಿದರೆ ಖರ್ಚು ಹೆಚ್ಚೇನೂ ಆಗಲ್ಲ. ಕೆಲವು ಕಡೆ ಹಾಗೆ ಮಾಡುವವರು ಇದ್ದಾರೆ. ಮಕ್ಕಳ ಅಪ್ಪ ಅಮ್ಮ, ಅಜ್ಜಿ ತಾತ ಬಂದು ಮುಂದಿನ ಕುರ್ಚಿಗಳು ಬೇಗ ತುಂಬೋದು ಬೇರೆ ಲಾಭ.

ಗದಗದ ಆಶ್ರಮ ನಾಟಕ ಕಂಪನಿ ಇಟ್ಟಿದ್ದು ಯಾಕೆ?

ಬಯಲುಸೀಮೆಯ ಕಡೆ ಇನ್ನೊಂದು ಉದಾಹರಣೆ ಗದಗದ ವೀರೇಶ್ವರ ಪುಣ್ಯಾಶ್ರಮ. ಕಣ್ಣು ಕಾಣದ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ, ವಸತಿ ಕೊಟ್ಟು ಸಂಗೀತ ಕಲಿಸಿದ ಜಾಗ. ಕಟ್ಟಿ ಬೆಳೆಸಿದ ಪಂಚಾಕ್ಷರಿ ಗವಾಯಿಗಳಿಗೂ, ಅವರ ನಂತರ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ದೊಡ್ಡ ಗಾಯಕ ಬಸವರಾಜ ರಾಜಗುರು ಅವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು.

ಅಷ್ಟು ಮಕ್ಕಳಿಗೆ ದಿನಾ ಊಟ ಹಾಕೋಕೆ ದುಡ್ಡು ಎಲ್ಲಿಂದ? ಭಕ್ತರ ದಾನ ಇತ್ತು. ಅದರ ಜೊತೆಗೆ ಆಶ್ರಮದ ಹೆಸರಿನಲ್ಲೇ ನಾಟಕ ಕಂಪನಿ ನಡೆಸಿದರು. ಪುಟ್ಟರಾಜ ಗವಾಯಿಗಳು ಸ್ವತಃ ನಾಟಕ ಬರೆದರು. ಕಂಪನಿಯ ಟಿಕೆಟ್ ದುಡ್ಡು ಆಶ್ರಮಕ್ಕೆ ಬರುತ್ತಿತ್ತು, ಹಾಡೋಕೆ, ಹಾರ್ಮೋನಿಯಂ ತಬಲಾ ನುಡಿಸೋಕೆ ಶಿಷ್ಯರಿಗೆ ಕೆಲಸವೂ ಇತ್ತು. ಇಲ್ಲೂ ಅದೇ ಕಥೆ. ಕಲಿಸುವ ಜಾಗದ ಪಕ್ಕದಲ್ಲೇ ದುಡಿಯುವ ಜಾಗ.

ಈ ಆಶ್ರಮದಲ್ಲಿ ಸುಮಾರು 12 ವರ್ಷ ಕಲಿತವರು ಪಂಡಿತ್ ವೆಂಕಟೇಶ್ ಕುಮಾರ್. ಅವರ ಹಾಡು ಇವತ್ತು ದೇಶವೆಲ್ಲ ಕೇಳುತ್ತೆ. 2016ರಲ್ಲಿ ಪದ್ಮಶ್ರೀ ಬಂತು. ಆದರೆ ಅವರ ಮನೆ ನಡೆದದ್ದು ಧಾರವಾಡದ ಸಂಗೀತ ಕಾಲೇಜಿನಲ್ಲಿ ವರ್ಷಗಟ್ಟಲೆ ಮಾಡಿದ ಮೇಷ್ಟ್ರ ಕೆಲಸದಿಂದ. ದೊಡ್ಡ ಹೆಸರು ಬಂದದ್ದು ತಡವಾಗಿ. ಕಲಾವಿದ ಅಂದರೆ ಬೇರೆ ಕೆಲಸ ಮಾಡಲೇಬಾರದು ಅಂತ ತಿಳಿದುಕೊಂಡಿರುವ ಹುಡುಗರು ಇದನ್ನು ನೆನಪಿಡಬೇಕು.

ಹಸೆ ಚಿತ್ತಾರ, ಗುಡಿಗಾರರ ಉಳಿ

ನಾಟಕ, ಸಂಗೀತಕ್ಕೆ ಸ್ಟೇಜು ಇದೆ, ಟಿಕೆಟ್ ಇದೆ. ಕೈಕೆಲಸದ ಕಲೆಗೆ? ಸಾಗರ, ಸೊರಬ ಕಡೆಯ ಎರಡು ಕಲೆಗಳನ್ನೇ ನೋಡಿ.

ಒಂದು, ದೀವರ ಮನೆಗಳ ಹಸೆ ಚಿತ್ತಾರ. ಮದುವೆಗೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಹೆಂಗಸರು ಬರೆಯುವುದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಬ್ರಷ್ಷು ಅಂದರೆ ಪುಂಡಿ ನಾರು. ಅಳತೆ ಪಟ್ಟಿ ಇಲ್ಲದೆ ಗೆರೆ ನೆಟ್ಟಗೆ ಎಳೆಯೋದನ್ನು ಅಜ್ಜಿ, ಅಮ್ಮನ ಪಕ್ಕ ಕೂತೇ ಕಲಿಯಬೇಕು. ಕಲಿಸುವವರು ಮನೆಯಲ್ಲೇ ಇದ್ದಾರೆ, ಫೀಸಿಲ್ಲ. ಆದರೆ ಇದನ್ನು ಬಟ್ಟೆ, ಕಾಗದ, ಬೋರ್ಡಿನ ಮೇಲೆ ಬರೆದು ಮಾರಬೇಕು ಅಂದಾಗ ಅಜ್ಜಿಗೆ ಗೊತ್ತಿಲ್ಲದ ವಿಷಯಗಳು ಶುರುವಾಗ್ತವೆ. ಎಷ್ಟು ರೇಟು ಹೇಳಬೇಕು? ಫ್ರೇಮ್ ಹಾಕಿಸೋದು ಎಲ್ಲಿ? ಪಾರ್ಸೆಲ್ ಮಾಡೋದು ಹೇಗೆ? ದೊಡ್ಡ ಆರ್ಡರ್ ಬಂದರೆ ಅಡ್ವಾನ್ಸ್ ಕೇಳಬಹುದಾ?

ಗಮನಿಸಿ, ಈ ನಾಲ್ಕು ಪ್ರಶ್ನೆಗೂ ಉತ್ತರ ಗೊತ್ತಿರೋದು ಪೇಟೆಯ ಅಂಗಡಿಯವರಿಗೆ. ಗೆರೆ ಎಳೆಯೋದು ಕಲಿಸೋಕೆ ಅಜ್ಜಿ ಬೇಕು. ರೇಟು ಹಾಕೋದು ಕಲಿಸೋಕೆ ವ್ಯಾಪಾರ ಮಾಡಿದವರು ಬೇಕು. ಇಬ್ಬರೂ ಗುರುಗಳೇ.

ಇನ್ನೊಂದು, ಗುಡಿಗಾರರ ಕೆತ್ತನೆ. ಗಂಧದ ಮರ, ಬೇರೆ ಮರದ ಕುಸುರಿ ಕೆಲಸಕ್ಕೆ, ಬೆಂಡಿನ ಬಾಸಿಂಗಕ್ಕೆ ಇವರು ಹೆಸರುವಾಸಿ. ಚೌತಿಗೆ ಮಣ್ಣಿನ ಗಣಪತಿಯನ್ನೂ ಮಾಡ್ತಾರೆ. ಇಲ್ಲಿಯ ಕಷ್ಟ ಬೇರೆ ಥರದ್ದು. ಗಂಧದ ಮರ ಸಿಗೋದು ಕಷ್ಟ, ದುಬಾರಿ. ಒಂದು ಉಳಿ ಸರಿಯಾಗಿ ಹಿಡಿಯೋಕೆ ವರ್ಷಗಳು ಬೇಕು. ಅಷ್ಟು ವರ್ಷ ದುಡಿಮೆ ಇಲ್ಲದೆ ಕೂರೋಕೆ ಈಗಿನ ಹುಡುಗರಿಗೆ ಆಗಲ್ಲ. ಕಲಿಯುವ ಹುಡುಗನಿಗೆ ಮೊದಲ ದಿನದಿಂದ ಸ್ವಲ್ಪವಾದರೂ ಕೂಲಿ ಸಿಗುವ ಸಣ್ಣ ಕೆಲಸಗಳು ಬೇಕು. ಬಾಸಿಂಗ, ಗಣಪತಿ, ನೆನಪಿನ ಕಾಣಿಕೆ ಇವೆಲ್ಲ ಅಂಥವು.

ಬೋರ್ಡ್ ಬರೆಯುವವರ ಬಳಿ ಕಲಿತವರು

ಪೇಟೆಯಲ್ಲಿ ಒಂದು ಕಾಲದಲ್ಲಿ ಬೇರೆಯದೇ ಆರ್ಟ್ ಸ್ಕೂಲ್ ಇತ್ತು. ಯಾರೂ ಅದನ್ನು ಸ್ಕೂಲ್ ಅಂತ ಕರೀತಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಮಳಿಗೆ, ಮೇಲೆ ಯಾವುದೋ ಹೆಸರಿನ ಮುಂದೆ ‘ಆರ್ಟ್ಸ್’ ಅಂತ ಬೋರ್ಡು, ಒಳಗೆ ಎನಾಮಲ್ ಪೇಂಟಿನ ವಾಸನೆ. ಅಂಗಡಿ ಬೋರ್ಡು, ಲಾರಿ ಹಿಂದಿನ ಬರಹ, ಗೋಡೆ ಜಾಹೀರಾತು, ನಾಟಕದ ಪರದೆ, ಚುನಾವಣೆ ಬಂದರೆ ಚಿಹ್ನೆ. ರಜೆಯಲ್ಲಿ ಹುಡುಗರು ಹೋಗಿ ಸೇರಿಕೊಳ್ಳುತ್ತಿದ್ದರು. ಮೊದಲು ಬ್ರಷ್ ತೊಳೆಯೋದು, ಆಮೇಲೆ ಬಣ್ಣ ತುಂಬೋದು, ಆಮೇಲೆ ಅಕ್ಷರ. ಸಂಜೆ ಕೈಗೆ ಒಂದಿಷ್ಟು ಕಾಸು.

ಫ್ಲೆಕ್ಸ್ ಬಂದ ಮೇಲೆ ಆ ಮಳಿಗೆಗಳು ಮುಚ್ಚಿದವು. ಈಗ ಆ ಜಾಗದಲ್ಲಿರೋದು ಫ್ಲೆಕ್ಸ್ ಪ್ರಿಂಟಿಂಗ್, ಮದುವೆ ಫೋಟೋ ವಿಡಿಯೋ ಸ್ಟುಡಿಯೋ, ಡಿಸೈನ್ ಸೆಂಟರ್. ಚಿತ್ರ ಬರುವ ಹುಡುಗರು ಹೋಗಿ ಸೇರೋದು ಈಗಲೂ ಅಲ್ಲಿಗೇ. ಇದನ್ನು ಕೀಳು ಅಂತ ನೋಡಬೇಕಿಲ್ಲ. ಬಣ್ಣ ಹೊಂದಿಸೋದು, ಅಕ್ಷರದ ಅಳತೆ, ಗಿರಾಕಿಯ ಜೊತೆ ಮಾತಾಡೋದು, ಹೇಳಿದ ದಿನಕ್ಕೆ ಕೆಲಸ ಮುಗಿಸಿ ಕೊಡೋದು, ಇವನ್ನೆಲ್ಲ ಅಲ್ಲಿ ಚೆನ್ನಾಗೇ ಕಲೀಬಹುದು. ಆದರೆ ಮಾಲೀಕರು ಹುಡುಗನನ್ನು ಹತ್ತು ವರ್ಷ ಬರೀ ಹುಟ್ಟುಹಬ್ಬದ ಬ್ಯಾನರಿಗೆ ಫೋಟೋ ಅಂಟಿಸೋಕೇ ಕೂರಿಸಿದರೆ ಅವನು ಅಲ್ಲೇ ಉಳೀತಾನೆ. ವರ್ಷಕ್ಕೊಂದು ಹೊಸ ಕೆಲಸ ಹೇಳಿಕೊಟ್ಟರೆ ಬೆಳೀತಾನೆ. ವ್ಯತ್ಯಾಸ ಇರೋದು ಮಾಲೀಕರ ಕೈಯಲ್ಲಿ.

ಸರ್ಕಾರದಿಂದ ಏನು ಸಿಗುತ್ತೆ?

ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನ ಕೊಡುತ್ತೆ. ಆದರೆ ಅದು ಸಿಗೋದು 58 ವರ್ಷ ಆದ ಮೇಲೆ. ಇಪ್ಪತ್ತರ ಹುಡುಗರಿಗೆ ನೋಡಬೇಕಾದ್ದು ಬೇರೆ.

1. ಕೇಂದ್ರದ ಸಿಸಿಆರ್‌ಟಿ ಸಂಸ್ಥೆಯ ಪ್ರತಿಭಾ ವಿದ್ಯಾರ್ಥಿವೇತನ. 10ರಿಂದ 14 ವರ್ಷದ ಶಾಲಾ ಮಕ್ಕಳಿಗೆ. ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುಗಳ ಫೀಸಿಗೆ ವರ್ಷಕ್ಕೆ 9,000 ರೂಪಾಯಿವರೆಗೆ.

2. ಯುವ ಕಲಾವಿದರ ಸ್ಕಾಲರ್‌ಶಿಪ್. 18ರಿಂದ 25 ವರ್ಷದವರಿಗೆ. ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಸಂಗೀತ, ನೃತ್ಯ, ನಾಟಕ, ಚಿತ್ರಕಲೆ, ಜನಪದ ಕಲೆ ಎಲ್ಲ ಸೇರುತ್ತೆ. ಗುರುಗಳ ಬಳಿ ಕನಿಷ್ಠ ಐದು ವರ್ಷ ಕಲಿತಿರಬೇಕು. ಹಾಗಾಗಿ ಕಲಿಸಿದ ಗುರುಗಳಿಂದ ಪತ್ರ ಬರೆಸಿ ಇಟ್ಟುಕೊಳ್ಳೋದು ಮುಖ್ಯ.

3. ಪಿಎಂ ವಿಶ್ವಕರ್ಮ. 2023ರಲ್ಲಿ ಶುರುವಾದ ಯೋಜನೆ. ಬಡಗಿ, ಶಿಲ್ಪಿ, ಕುಂಬಾರ, ಗೊಂಬೆ ಮಾಡುವವರು, ಬುಟ್ಟಿ ಹೆಣೆಯುವವರು ಸೇರಿ 18 ಕಸುಬುಗಳಿಗೆ. 18 ವರ್ಷ ಆಗಿರಬೇಕು, ಮನೆಗೆ ಒಬ್ಬರಿಗೆ ಮಾತ್ರ. ತರಬೇತಿ ವೇಳೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಆಮೇಲೆ ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷದವರೆಗೆ ಸಾಲ. ಗೋಡೆ ಚಿತ್ರ, ಹಸೆ ಚಿತ್ತಾರದಂಥ ಚಿತ್ರಕಲೆ ಈ 18ರ ಪಟ್ಟಿಯಲ್ಲಿ ಇಲ್ಲ ಅನ್ನೋದು ಗೊತ್ತಿರಲಿ.

4. ಪದವಿ ಬೇಕು ಅನ್ನುವವರಿಗೆ ಮೈಸೂರಿನ ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ. ಪಿಯುಸಿ ಆದ ಮೇಲೆ ದೃಶ್ಯಕಲೆಯಲ್ಲಿ ಡಿಗ್ರಿ ಮಾಡಬಹುದು. ಶಿಲ್ಪಕಲೆಗೆ ಬಾದಾಮಿಯಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕೇಂದ್ರ ಇದೆ.

ಅರ್ಜಿ ಹಾಕೋಕೆ ಮುಂಚೆ ಆಯಾ ವರ್ಷದ ನಿಯಮ, ಕೊನೆ ದಿನಾಂಕ ನೋಡಿಕೊಳ್ಳಿ. ಎಷ್ಟೋ ಮಕ್ಕಳಿಗೆ ಇದು ತಪ್ಪೋದು ಪ್ರತಿಭೆ ಕಡಿಮೆ ಆಗಿ ಅಲ್ಲ. ಫಾರಂ ತುಂಬಿಸುವವರು ಯಾರೂ ಇರಲಿಲ್ಲ ಅಂತ. ಕಂಪ್ಯೂಟರ್ ಗೊತ್ತಿರುವ ಒಬ್ಬರು ವರ್ಷಕ್ಕೆ ಐದು ಮಕ್ಕಳ ಅರ್ಜಿ ತುಂಬಿಸಿಕೊಟ್ಟರೆ ಅದೂ ದೊಡ್ಡ ಸಹಾಯವೇ.

ಅಂಗಡಿಯವರು ಏನು ಮಾಡಬಹುದು?

ದಾನ ಕೊಡಿ ಅಂತ ಅಲ್ಲ. ಈಗಾಗಲೇ ಖರ್ಚು ಮಾಡ್ತಿರೋ ದುಡ್ಡಿನಲ್ಲೇ ಆಗುವಂಥದ್ದು.

ಶಟರ್ ಮೇಲೆ, ಪಕ್ಕದ ಗೋಡೆ ಮೇಲೆ ಹೆಸರು ಬರೆಸೋದಿದ್ದರೆ ಒಮ್ಮೆಯಾದರೂ ಊರಿನ ಹುಡುಗ ಹುಡುಗಿಯರ ಕೈಯಲ್ಲಿ ಬರೆಸಿ. ಫ್ಲೆಕ್ಸ್ ಬಿಸಿಲು ಮಳೆಗೆ ಬೇಗ ಬಣ್ಣ ಬಿಡುತ್ತೆ, ಒಳ್ಳೆ ಪೇಂಟಿನ ಬರಹ ಅದಕ್ಕಿಂತ ಬಾಳಿಕೆ ಬರುತ್ತೆ. ಮೂಲೆಯಲ್ಲಿ ಅವರ ಹೆಸರು ಹಾಕೋಕೆ ಬಿಡಿ. ಅವರ ಮುಂದಿನ ಗಿರಾಕಿ ಅದನ್ನು ನೋಡಿಯೇ ಬರೋದು.

ದುಡ್ಡು ದುಡ್ಡಾಗಿಯೇ ಕೊಡಿ. ‘ನಿನಗೆ ಪ್ರಚಾರ ಸಿಗುತ್ತಲ್ಲ’ ಅನ್ನೋ ಮಾತು ಬೇಡ. ಸಿಮೆಂಟ್ ಅಂಗಡಿಯಲ್ಲಿ ಹಾಗೆ ಹೇಳಿ ಮೂಟೆ ಎತ್ತಿಕೊಂಡು ಬರೋಕೆ ಆಗಲ್ಲ. ಬಣ್ಣ, ಬ್ರಷ್ಷಿಗೆ ಅರ್ಧ ಅಡ್ವಾನ್ಸ್ ಕೊಟ್ಟರೆ ಇನ್ನೂ ಒಳ್ಳೇದು. ಆ ವಯಸ್ಸಿನಲ್ಲಿ ಕೈಯಿಂದ ಹಾಕೋಕೆ ಅವರ ಹತ್ತಿರ ಇರಲ್ಲ.

ನಾಟಕ, ಆಟ ಬಂದಾಗ ಪಾಸ್ ಕೇಳೋದು ಬಿಟ್ಟು ಟಿಕೆಟ್ ತಗೊಳ್ಳಿ. ಐವತ್ತೋ ನೂರೋ ರೂಪಾಯಿಯ ಟಿಕೆಟ್ಟೇ ಸೇರಿ ಸೇರಿ ತಂಡದ ಸಂಬಳ ಆಗೋದು. ಹೆಗ್ಗೋಡಿನಲ್ಲಿ ಕಲಿತವರಿಗೆ ಕೆಲಸ ಸಿಕ್ಕಿದ್ದು ರಾಜ್ಯದ ನೂರಾರು ಊರುಗಳಲ್ಲಿ ಯಾರೋ ಹೀಗೆ ಟಿಕೆಟ್ ತಗೊಂಡಿದ್ದರಿಂದ.

ಸನ್ಮಾನದ ವಿಷಯವೂ ಹಾಗೇ. ಶಾಲು, ಹಾರ, ಹಣ್ಣಿನ ಬುಟ್ಟಿ, ಪ್ಲಾಸ್ಟಿಕ್ಕಿನ ಮೊಮೆಂಟೊ ತರೋ ಬದಲು ಊರಿನ ಹಸೆ ಚಿತ್ತಾರದ್ದೋ, ಮರದ ಕೆತ್ತನೆಯದ್ದೋ ಕೊಡಬಹುದು. ವರ್ಷಕ್ಕೆ ತಾಲ್ಲೂಕಿನಲ್ಲಿ ಎಷ್ಟು ಸಭೆ, ಎಷ್ಟು ಸನ್ಮಾನ ಆಗುತ್ತೆ ಅಂತ ಲೆಕ್ಕ ಹಾಕಿದರೆ ಅದೇ ಒಂದು ಮಾರುಕಟ್ಟೆ. ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ಊರಿನ ಯುವ ಕಲಾವಿದರಿಗೆ ಒಂದೆರಡು ಮಳಿಗೆ ಕಡಿಮೆ ಬಾಡಿಗೆಗೆ ಬಿಟ್ಟುಕೊಟ್ಟರೂ ಮಾರಾಟ ಮಾಡೋದು ಅವರಿಗೆ ಗೊತ್ತಾಗುತ್ತೆ.

ಕಲಿತ ಹುಡುಗರಿಗೂ ಕೆಲಸ ಇದೆ

ಬೆಂಬಲ ಕೇಳುವವರು ಪಾಲಿಸಬೇಕಾದ್ದೂ ಇದೆ. ಹೇಳಿದ ದಿನಕ್ಕೆ ಕೆಲಸ ಕೊಡಬೇಕು. ರೇಟು ಮೊದಲೇ ಬರೆದು ಕೊಡಬೇಕು, ಮುಗಿದ ಮೇಲೆ ಜಗಳ ಬೇಡ. ಮಾಡಿದ ಪ್ರತಿ ಕೆಲಸದ ಫೋಟೋ ತೆಗೆದು ಒಂದು ಕಡೆ ಇಡಬೇಕು. ಖರ್ಚು ಎಷ್ಟು, ಬಂದದ್ದು ಎಷ್ಟು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಮೊದಲ ಎರಡು ಮೂರು ವರ್ಷ ಜೊತೆಗೊಂದು ಕೆಲಸ ಇಟ್ಟುಕೊಳ್ಳೋದರಲ್ಲಿ ನಾಚಿಕೆ ಇಲ್ಲ. ಸುಬ್ಬಣ್ಣನವರ ಅಡಿಕೆ ತೋಟ ಕೊನೆವರೆಗೂ ಇತ್ತು.

ಅಪ್ಪ ಅಮ್ಮನೂ ‘ಬೇಡವೇ ಬೇಡ’ ಅನ್ನೋದರ ಬದಲು ಗಡುವು ಹಾಕಿಕೊಳ್ಳಬಹುದು. ಎರಡು ವರ್ಷ ನೋಡೋಣ, ಯಾರ ಹತ್ತಿರ ಕಲೀತೀಯ, ವರ್ಷದ ಕೊನೆಗೆ ಎಷ್ಟು ದುಡಿದೆ, ತೋರಿಸು. ಹೋಟೆಲ್ ಹಾಕ್ತೀನಿ ಅಂತ ಬಂದ ಮಗನಿಗೂ ಇದೇ ಪ್ರಶ್ನೆ ಕೇಳ್ತಾರಲ್ವಾ? ಅದನ್ನೇ ಚಿತ್ರ ಬಿಡಿಸುವ ಮಗಳಿಗೂ ಕೇಳಿದರೆ ಸಾಕು. ಮತ್ತೆ ಮುಂದಿನ ಪೋಷಕರ ಸಭೆಯಲ್ಲಿ ಮೇಷ್ಟ್ರು ‘ಚಿತ್ರ ಚೆನ್ನಾಗಿ ಬಿಡಿಸ್ತಾಳೆ’ ಅಂದಾಗ, ಲೆಕ್ಕದ ಟ್ಯೂಷನ್ ವಿಚಾರಿಸೋಕೆ ಮುಂಚೆ ಒಂದು ಮಾತು ಕೇಳಿ: ‘ಇದನ್ನು ಚೆನ್ನಾಗಿ ಕಲಿಸುವವರು ಯಾರಿದ್ದಾರೆ ಸಾರ್?’